ನಲವತ್ತೊಂದನೆಯ ಭತ್ತ

ಶನಿವಾರ ಬೆಳಿಗ್ಗೆ ನಾನು ಲ್ಯಾಬಿನವರಿಗೆಲ್ಲ ಸಿಹಿ ಹಂಚುತ್ತಿದ್ದಾಗ ಅಳತೆ ಕೋಣೆಯ ಕೆಮಿಸ್ಟ್ ಮುಖ ಸಪ್ಪೆ ಮಾಡಿಕೊಂಡು ಬಂದರು. ಕೈಯಲ್ಲಿ ಸದಾ ಪ್ಲಾಸ್ಟಿಕ್ ಚಿಮಟ ಇರುವುದರಿಂದ ಅವರಿಗೆ ನಾನಿಟ್ಟ ಹೆಸರು ಚಿಮಟ ಸಾರ್. ಸಿಹಿಯನ್ನು ಅವರು ಮುಟ್ಟಲಿಲ್ಲ. ಹೊಟ್ಟೆಕಿಚ್ಚಿರಬೇಕು ಎಂದುಕೊಂಡೆ.

ಕಿಚ್ಚು ಪಡುವಂಥ ವಿಷಯವೇ ಅದು. ಭತ್ತದ ಬೇರಿನಲ್ಲಿ ಕಬ್ಬಿಣ ಒಳಬರುವ ಬಾಗಿಲಲ್ಲೇ ಕ್ಯಾಡ್ಮಿಯಂ ಎಂಬ ವಿಷಲೋಹವೂ ನುಸುಳುತ್ತದೆ. ಕಬ್ಬಿಣವನ್ನು ಕರೆದು, ವಿಷವನ್ನು ಹೊರಗೇ ನಿಲ್ಲಿಸುವ ಬೇರಿಗಾಗಿ ಆರು ವರ್ಷ ಗಿಡದ ಜೀನುಗಳನ್ನು ತಿದ್ದಿದ್ದೆ. ಬಸುರಿಯಾಗಿದ್ದ ಅಕ್ಕ ರಕ್ತ ಸಾಲದೆ ಬಿಳುಚಿಕೊಂಡಿದ್ದನ್ನು ಕಂಡ ಮೇಲೆ ಹಿಡಿದ ಹಟ ಅದು. ನಲವತ್ತು ತಳಿಗಳು ಕೈಕೊಟ್ಟವು. ನಲವತ್ತೊಂದನೆಯದರ ಅಕ್ಕಿಯಲ್ಲಿ ಮಾಮೂಲಿ ಅಕ್ಕಿಯ ಮೂರು ಪಟ್ಟು ಕಬ್ಬಿಣವಿದೆ ಎಂದು ಶುಕ್ರವಾರ ಸಂಜೆ ಚಿಮಟ ಸಾರ್ ವರದಿ ಕೊಟ್ಟರು. ಸೋಮವಾರದ ಸಭೆಯಲ್ಲಿ ಎರಡು ಪಟ್ಟಾದರೂ ತೋರಿಸದಿದ್ದರೆ ಸಂಸ್ಥೆಯವರು ನನ್ನ ಕೆಲಸ ನಿಲ್ಲಿಸುವವರಿದ್ದರು. ಸಂತೋಷಕ್ಕೆ ಚಿಮಟ ಸಾರ್ ಅವರ ಎರಡೂ ಕೈ ಹಿಡಿದು ಕುಲುಕಿಬಿಟ್ಟೆ. ಅವರ ಕಿವಿ ಕೆಂಪಾಯಿತು, ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಅಂದು ರಾತ್ರಿ ಫೋನಿನಲ್ಲಿ ಸುದ್ದಿ ಕೇಳಿದ ಅಕ್ಕ, "ಭತ್ತದ ಬಗ್ಗೆ ಎರಡು ಮಾತು, ಆ ಮನುಷ್ಯನ ಬಗ್ಗೆ ಹತ್ತು. ಏನೇ ಸಮಾಚಾರ?" ಎಂದಳು. ನಾನು ಫೋನಿಟ್ಟೆ.

ಈಗ ಅದೇ ಮನುಷ್ಯ ನನ್ನನ್ನು ವರಾಂಡಕ್ಕೆ ಕರೆದು, ಕಣ್ಣೆತ್ತದೆ ನಿಂತಿದ್ದರು.

"ವರದಿ ತಪ್ಪು, ಮೇಡಂ. ಕಬ್ಬಿಣದ ಜೊತೆ ಕ್ರೋಮಿಯಂ ಕೂಡ ಏರಿದೆ. ಅದು ಗಿಡದ್ದಲ್ಲ, ಸ್ಟೀಲಿಂದು."

ನಮ್ಮಲ್ಲಿ ಅಳತೆಯ ಅಕ್ಕಿಯನ್ನು ಕಲ್ಲಿನ ಕುಟ್ಟಾಣಿಯಲ್ಲಿ ಕೈಯಾರೆ ಪುಡಿ ಮಾಡಬೇಕು. ಲೋಹ ಸೋಕುವಂತಿಲ್ಲ. ನನ್ನ ಮಣಿಕಟ್ಟು ಉಳುಕಿದ್ದರಿಂದ ಆ ಕೆಲಸವನ್ನು ಅವರೇ ವಹಿಸಿಕೊಂಡಿದ್ದರು. ಹೋಲಿಸಲೆಂದು ಹಳೆಯ ನಲವತ್ತನ್ನೂ ಕುಟ್ಟಿ, ಹೊತ್ತಾಯಿತೆಂದು ಕೊನೆಯದನ್ನು ಮಾತ್ರ ಸ್ಟೀಲ್ ಮಿಕ್ಸಿಗೆ ಹಾಕಿದ್ದರು. ಬ್ಲೇಡು ಸವೆದು ಉದುರಿದ ಕಬ್ಬಿಣ ನನ್ನ ಅಕ್ಕಿಯ ಹೆಸರಿಗೆ ಬಂದಿತ್ತು. ಹದಿನೈದು ವರ್ಷ ಈ ನಿಯಮ ತಪ್ಪದ ಮನುಷ್ಯ ಹೀಗೇಕೆ ಮಾಡಿದರೆಂದು ಕೇಳಿದೆ.

"ಶುಕ್ರವಾರ ಮುಗಿಸಿದ್ರೆ ನೀವು ಶುಕ್ರವಾರಾನೇ ಬರ್ತೀರಿ. ಇಲ್ಲಾಂದ್ರೆ ಸೋಮವಾರದವರೆಗೂ ನೀವು ನಮ್ಮ ಕೋಣೆಗೆ ಬರಲ್ಲ, ನಿಮ್ಮನ್ನ ನೋಡೋಕಾಗಲ್ಲ ಅನ್ನಿಸ್ತು."

ಬೇರೆ ದಿನವಾಗಿದ್ದರೆ ಕರಗಿಹೋಗುತ್ತಿದ್ದೆ.

"ಅದನ್ನ ಹೇಳೋಕೆ ನನ್ನ ಆರು ವರ್ಷಾನೇ ಬೇಕಿತ್ತಾ?" ಎಂದೆ.

ತಪ್ಪು ತಮ್ಮದೆಂದು ಅವರು ಸಭೆಯವರಿಗೆ ಆಗಲೇ ಬರೆದು ಕಳಿಸಿದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾನೂ ಕೈ ಕುಲುಕುತ್ತಲೇ ಇರುತ್ತಿದ್ದೆ. ಅದು ಹೊಳೆದಾಗ ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ನಿಲ್ಲಲು ಅದಕ್ಕೆ ಜಾಗ ಸಾಲಲಿಲ್ಲ.

ಉಳಿದಿದ್ದದ್ದು ಒಂದು ಹಿಡಿ ಅಕ್ಕಿ. ಭಾನುವಾರ ಇಬ್ಬರೂ ಕೂತು ಕುಟ್ಟಿದೆವು. ಮೊದಲ ಒಂದು ಗಂಟೆ ನಾನು ತಲೆಯೆತ್ತದೆ ಕುಟ್ಟಿದೆ. ಆಮೇಲೆ ಅವರ ಹುಬ್ಬಿನ ಮೇಲೆ ಹಿಟ್ಟು ಕೂತಿರುವುದು ಕಂಡು ನಗು ತಡೆಯಲಾಗಲಿಲ್ಲ. ನಾನೇಕೆ ನಕ್ಕೆನೆಂದು ತಿಳಿಯದಿದ್ದರೂ ಅವರೂ ನಕ್ಕರು. ನನ್ನ ಮಣಿಕಟ್ಟು ನೋಯುವುದು ನೋಡಿ ಕುಟ್ಟಾಣಿಯನ್ನು ತಮ್ಮತ್ತ ಎಳೆದುಕೊಂಡರು. ಬೆರಳಿಗೆ ಬೆರಳು ತಾಗಿತು, ಇಬ್ಬರೂ ಸ್ವಲ್ಪ ಹೊತ್ತು ಅಕ್ಕಿಯನ್ನೇ ನೋಡುತ್ತಾ ಕೂತೆವು.

ನಿಜವಾದ ಅಂಕಿ ಬಂತು. ಕಬ್ಬಿಣ ಎರಡು ಪಟ್ಟಿಗೆ ಕೊಂಚ ಕಡಿಮೆ, ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಅಲ್ಪ. ಸಭೆಯಲ್ಲಿ ಅವರಿಗೆ ಸಿಕ್ಕಾಪಟ್ಟೆ ಬೈಗುಳ. ವಿಷ ಹೊರಗೇ ನಿಂತಿದೆಯಲ್ಲ ಎಂದು ಸಭೆಯವರು ನನ್ನ ಭತ್ತಕ್ಕೆ ಇನ್ನೊಂದು ಬೆಳೆಯ ಅವಕಾಶ ಕೊಟ್ಟರು.

ಹೊರಗೆ ಬಂದಾಗ ಚಿಮಟ ಸಾರ್ ಮೆಟ್ಟಿಲ ಬಳಿ ನಿಂತಿದ್ದರು. "ಮುಂದಿನ ಬೆಳೇನ ಬೇರೆ ಯಾರ ಹತ್ರಾನಾದ್ರೂ ಕುಟ್ಟಿಸಿ, ಮೇಡಂ," ಎಂದರು.

"ಬೇರೆಯವರು ಬೇಡ, ನೀವೇ ಬೇಕು. ಆದ್ರೆ ನನ್ನನ್ನ ನೋಡ್ಬೇಕು ಅನ್ನಿಸಿದ್ರೆ ಅಕ್ಕಿಗೋಸ್ಕರ ಕಾಯ್ಬೇಡಿ. ಬಂದು ಕರೀರಿ."

"ಯಾವಾಗ?"

"ಈಗಲೇ."

ಅವರು ಒಮ್ಮೆ ಉಸಿರೆಳೆದುಕೊಂಡು, ಮೇಡಂ ಎನ್ನದೆ, ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. ನಾನು ಎರಡೇ ಮೆಟ್ಟಿಲು ಮೇಲಿದ್ದೆ, ಆದರೂ ಓಗೊಟ್ಟೆ.