ಬೂಷ್ಟು ತಿನ್ನಬೇಕಿದ್ದ ಟೇಪು

"ಅದನ್ನು ಮುಟ್ಟಬೇಡ ಸೆಡ್ರಿಕ್. ಅದು ಅಲ್ಲೇ ಕೊಳೆಯಬೇಕು."

ನೆಲ್ಲಿ ಮಾವ್ಶಿ ಹೇಳುವಷ್ಟರಲ್ಲಿ ಸೆಡ್ರಿಕ್ ಮುಟ್ಟಿಯಾಗಿತ್ತು. ಬಜಪೆಯ ಅವಳ ಮನೆಗೆ ಅವನು ಬಂದದ್ದು ಕೆಟ್ಟುಹೋದ ನೀರಿನ ಪಂಪು ನೋಡಲು. ಬಚ್ಚಲಿನ ಹಿಂದಿನ ಕತ್ತಲೆ ಕೋಣೆಯಲ್ಲಿ ವಯರು ಹುಡುಕುತ್ತಿದ್ದಾಗ ಒದ್ದೆ ಗೋಣಿಯ ಮುದ್ದೆಯೊಂದು ಕೈಗೆ ತಾಗಿತು. ಬಿಡಿಸಿದರೆ ಒಳಗೊಂದು ವೀಡಿಯೊ ಕ್ಯಾಸೆಟ್ಟು. ಅದರ ಮೈತುಂಬ ಬೆಕ್ಕಿನ ರೋಮದಂಥ ಬಿಳಿ ಬೂಷ್ಟು. ಹೆಬ್ಬೆರಳಿನಿಂದ ಒರೆಸಿದಾಗ ಮಾಸಿದ ಅಕ್ಷರಗಳು ಕಂಡವು: ರೊಸಾಲಿನ್, ರೋಸ್.

ರೊಸಾಲಿನ್ ಅವನ ತಾಯಿ, ನೆಲ್ಲಿ ಮಾವ್ಶಿಯ ಅಕ್ಕ. ಅವನಿಗೆ ವರ್ಷ ತುಂಬುವ ಮೊದಲೇ ತೀರಿಕೊಂಡವಳು. ಅಪ್ಪ ಮಗುವನ್ನು ಕುವೈತಿಗೆ ಕರೆದುಕೊಂಡು ಹೋದ ಮೇಲೆ ಅವಳ ನೆನಪಾಗಿ ಉಳಿದದ್ದು ಕೆಲವು ಫೋಟೋಗಳು ಮಾತ್ರ. ಅವಳು ಹೇಗೆ ನಡೆಯುತ್ತಿದ್ದಳು, ಅವಳ ದನಿ ಹೇಗಿತ್ತು, ಸೆಡ್ರಿಕ್‌ಗೆ ಗೊತ್ತಿರಲಿಲ್ಲ. ಮದುವೆಯ ಮುನ್ನಾದಿನ ಮದುಮಗಳ ತಲೆಗೆ ಬಂಧುಗಳೆಲ್ಲ ಕಾಯಿಹಾಲು ಹಾಕುವ ರೋಸ್ ಶಾಸ್ತ್ರವನ್ನು ಯಾರೋ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ, ಅಮ್ಮ ಇಷ್ಟು ವರ್ಷ ಈ ಗೋಣಿಯೊಳಗೇ ಇದ್ದಾಳೆ ಎಂದು ಅವನಿಗೆ ಈಗ ತಿಳಿಯಿತು.

"ಯಾಕೆ ಅಡಗಿಸಿಟ್ಟದ್ದು ಮಾವ್ಶಿ?"

"ಅಡಗಿಸಿದ್ದಲ್ಲ. ಕೊಳೆಸುತ್ತಾ ಇದ್ದೇನೆ." ಅವಳು ಕೋಣೆಯ ಹೊಸ್ತಿಲು ದಾಟಲಿಲ್ಲ. "ಅವತ್ತು ಕರೆಯದೆ ಬಂದವಳು ಒಬ್ಬಳು ಇದ್ದಳು. ಅವಳ ಮಗನನ್ನು ರೊಸಾಲಿನ್ ಬೇಡ ಅಂದಿದ್ದಳು. ಕಾಯಿಹಾಲಲ್ಲಿ ಎಂತ ಕಲಸಿದ್ದಳೋ, ತಲೆ ಮೇಲೆ ಕೈ ಇಟ್ಟು ಎಂತದೋ ಹೇಳಿ ಹೋದಳು. ಆ ಕೈ ಮತ್ತೆ ಏಳಲಿಲ್ಲ. ನಿನ್ನ ಅಮ್ಮ ಆ ಭಾರ ಹೊತ್ತೇ ಸತ್ತದ್ದು. ಅವಳು ಹೋದ ಮೇಲೆ ನನ್ನ ತಲೆ ಮೇಲೆ ಬಂದು ಕೂತಿತು."

"ಮತ್ತೆ ಟೇಪು ಯಾಕೆ?"

"ಗಡಿಯಾಚೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದೆವು. ಮಾಟ ಮಾಡಿದ ಗಳಿಗೆ ಇದರೊಳಗೇ ಉಂಟಲ್ಲ, ಅವ ಅದನ್ನು ತಿರುಗಿ ಇದರಲ್ಲೇ ಕಟ್ಟಿಕೊಟ್ಟ. ಸುಟ್ಟರೆ ಹೊರಗೆ ಬರುತ್ತದೆ, ಬೂಷ್ಟು ತಿಂದು ಮುಗಿಸಬೇಕು ಅಂದ. ಗೋಣಿ ಒಣಗಿದಾಗಲೆಲ್ಲ ನಾನೇ ಅದಕ್ಕೆ ನೀರು ಹಾಕುವುದು."

ಹತ್ತಿರದ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಮನೆಯ ನೆತ್ತಿಯ ಮೇಲಿಂದಲೇ ಹಾದುಹೋಯಿತು. ಹಂಚುಗಳು ಗಡಗಡ ಅದುರಿದವು. ಸದ್ದು ಅಡಗಿದ ಮೇಲೆ ಸೆಡ್ರಿಕ್ ನಕ್ಕ.

"ಇದು ಪ್ಲಾಸ್ಟಿಕ್ ಪಟ್ಟಿ ಮಾವ್ಶಿ. ಮೇಲೆ ಸ್ವಲ್ಪ ಕಬ್ಬಿಣದ ಹುಡಿ. ಮಾಟ ಕೂರಲಿಕ್ಕೆ ಇದರಲ್ಲಿ ಜಾಗ ಇಲ್ಲ. ನಾನು ಇದನ್ನು ಕ್ಲೀನ್ ಮಾಡಿ ನಿಮಗೇ ತೋರಿಸ್ತೇನೆ."

ಅವಳು ನಗಲಿಲ್ಲ. ಮೆಲ್ಲಗೆ ಕೇಳಿದಳು, "ಮನೆಯಲ್ಲಿ ಶರೊನ್ ಇರ್ತಾಳಲ್ಲ?"

"ನನ್ನ ಹೆಂಡತಿ ಡ್ಯೂಟಿ ಮುಗಿದ ಮೇಲೆ ಮತ್ತೆಲ್ಲಿ ಇರ್ತಾಳೆ?"

"ಹಾಗಾದರೆ ಮನೆಗೆ ತಕೊಂಡು ಹೋಗಬೇಡ."

ಅವನು ಕ್ಯಾಸೆಟ್ಟನ್ನು ಸ್ಕೂಟರಿನ ಸೀಟಿನಡಿ ಹಾಕಿಕೊಂಡು ಹೊರಟ.

ಸೆಡ್ರಿಕ್‌ಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಕುವೈತಿನ ಸ್ಟುಡಿಯೊ ಒಂದರಲ್ಲಿ ಹದಿನೈದು ವರ್ಷ ಯಂತ್ರಗಳನ್ನು ಬಿಚ್ಚಿ ಜೋಡಿಸಿದವನು, ಶರೊನ್‌ಳನ್ನು ಮದುವೆಯಾಗಿ ಕೊಟ್ಟಾರದ ಫ್ಲ್ಯಾಟಿಗೆ ಬಂದ ಮೇಲೆ ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದ. ಈಗ ಕೆಲಸ ಸಿಕ್ಕಿತು. ಬೂಷ್ಟು ಹಿಡಿದ ಟೇಪನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಅಂಟಿ ಹರಿಯುತ್ತದೆ. ಅದನ್ನು ತಿಕ್ಕಿ ಒರೆಸಿ ಆಮೇಲೆ ಓಡಿಸುವ ಯಂತ್ರ ಬೇಕು. ಅಂಥದು ಪೇಟೆಯಲ್ಲಿ ಸಿಗುವುದಿಲ್ಲ. ಮಾಡಬೇಕು.

ಪಂಪ್‌ವೆಲ್‌ನ ಫ್ಲೈಓವರಿನ ಬದಿಯಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಝುಬೈರ್ ಅವನಿಗೆ ಎರಡು ಹಳೆಯ ವಿಸಿಆರ್‌ಗಳನ್ನು, ಕಾರಿನ ವೈಪರಿನ ಮೋಟರನ್ನು ಹುಡುಕಿಕೊಟ್ಟ. "ಎಂತ ಮಾರಾಯ, ಈ ಕಾಲದಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ?" ಎಂದು ಕೇಳಿದ. ಸೆಡ್ರಿಕ್ ಮೋಟರನ್ನು ತಿರುವಿ ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದ.

ಚಿಕ್ಕ ಕೋಣೆಯಲ್ಲಿ ಯಂತ್ರ ಬೆಳೆಯತೊಡಗಿತು. ಒಂದು ವಿಸಿಆರಿನ ಹೊಟ್ಟೆ ಬಗೆದು ಟೇಪು ಸಾಗುವ ದಾರಿ ಮಾಡಿದ. ಆ ದಾರಿಯಲ್ಲಿ ಟೇಪನ್ನು ಎರಡೂ ಕಡೆಯಿಂದ ಹಿಡಿದು ಒರೆಸುವ ಮೆತ್ತನೆ ಬಟ್ಟೆಯ ಪ್ಯಾಡುಗಳು. ಉದುರಿದ ಬೂಷ್ಟನ್ನು ಎಳೆದುಕೊಳ್ಳಲು ವ್ಯಾಕ್ಯೂಮ್ ಕ್ಲೀನರಿನ ಕೊಳವೆ, ಅದರ ತುದಿಗೆ ಬಟ್ಟೆಯ ಚೀಲ. ಒರೆಸಿದ ಟೇಪು ನೇರ ಎರಡನೇ ವಿಸಿಆರಿಗೆ ಹೋಗಿ ಪರದೆಯ ಮೇಲೆ ಚಿತ್ರವಾಗಬೇಕು. ಮೊದಲ ಸಲ ಓಡಿಸಿದಾಗ ಖಾಲಿ ಟೇಪು ಸುಕ್ಕಾಗಿ ಮುದ್ದೆಯಾಯಿತು. ಎರಡನೆಯ ಸಲ ಗೆರೆ ಬಿತ್ತು. ಬಿಗಿ ಸಡಿಲಿಸಿದ, ಬಟ್ಟೆ ಬದಲಿಸಿದ, ಊಟದ ತಟ್ಟೆಯ ಮುಂದೆಯೂ ಬೆರಳಲ್ಲಿ ಗಾಲಿ ತಿರುಗಿಸುತ್ತ ಕೂತ. ಕೋಣೆಯಲ್ಲಿ ಸ್ಪಿರಿಟಿನ ಘಾಟು, ಸುಟ್ಟ ವಯರಿನ ವಾಸನೆ.

"ನಿನಗೆ ಇದರ ಹುಚ್ಚು ಹಿಡಿದುಂಟು," ಅಂದಳು ಶರೊನ್. ಆದರೆ ಯಂತ್ರ ಸರಿಯಾಗಿ ಓಡಿದ ಭಾನುವಾರ ಬೆಳಿಗ್ಗೆ ಅವಳೇ ಬಂದು ಅವನ ಪಕ್ಕ ಕೂತಳು.

ಮೋಟರು ಗುಂಯ್ ಎಂದಿತು. ಟೇಪಿನಿಂದ ಬಿಳಿ ಹುಡಿ ಎದ್ದು ಕೊಳವೆಯೊಳಗೆ ಸರಿಯಿತು. ಪರದೆಯ ಮೇಲೆ ಹಿಮದಂತೆ ಸುರಿಯುತ್ತಿದ್ದ ಚುಕ್ಕೆಗಳು ತೆಳುವಾದವು. ಚಪ್ಪರ. ಬಣ್ಣದ ಕಾಗದದ ಮಾಲೆ. ನಡುವೆ ಕುರ್ಚಿಯಲ್ಲಿ ಕೂತ ಹುಡುಗಿ, ಕೂದಲಿನಿಂದ ಮುಖಕ್ಕೆ ಕಾಯಿಹಾಲು ಇಳಿಯುತ್ತಿದೆ, ಕಣ್ಣು ಬಿಡಲಾಗದೆ ನಗುತ್ತಿದ್ದಾಳೆ.

"ಪುರೊ! ಪುರೊ ಗೊ!" ಸಾಕು, ಸಾಕು ಕಣೇ.

ಸ್ವಲ್ಪ ಒಡೆದ, ಗಂಟಲಿನಲ್ಲೇ ನಗುವ ದನಿ. ಸೆಡ್ರಿಕ್ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಶರೊನ್ ಅವನ ಬೆನ್ನು ಸವರಿದಳು.

ಹೆಂಗಸರ ಹಾಡಿನ ನಡುವೆ ಒಬ್ಬೊಬ್ಬರಾಗಿ ಬಂದು ಹಾಲು ಹಾಕಿದರು. ಕೊನೆಗೆ ಕಡು ಹಸಿರು ಸೀರೆಯ ಹೆಂಗಸೊಬ್ಬಳು ಬಂದಳು. ಹಾಡು ಯಾಕೋ ಅಲ್ಲಿಗೆ ನಿಂತಿತು. ಅವಳು ಅಂಗೈಯನ್ನು ಮದುಮಗಳ ನೆತ್ತಿಯ ಮೇಲಿಟ್ಟಳು. ತುಟಿ ಅಲ್ಲಾಡಿತು. ಎಲ್ಲರೂ ಹಾಕಿ ಸರಿದಿದ್ದರು, ಇವಳ ಕೈ ಸರಿಯಲಿಲ್ಲ. ರೊಸಾಲಿನ್‌ಳ ನಗು ಹಾಗೇ ಇತ್ತು, ಕುತ್ತಿಗೆ ಮಾತ್ರ ಒಂದಿಷ್ಟು ಬಾಗಿತು. ಟೇಪು ಮುಗಿಯಿತು.

ಶರೊನ್ ತಲೆ ಕೊಡವಿಕೊಂಡಳು. "ಹುಳಿ ವಾಸನೆ ಬರ್ತಾ ಉಂಟಾ ನಿನಗೆ?"

ಅದು ಅವಳ ಕೂದಲಿನಿಂದ ಬರುತ್ತಿತ್ತು. ಹಳಸಿದ ಕಾಯಿಹಾಲಿನ ವಾಸನೆ. ತಲೆಗೆ ಸ್ನಾನ ಮಾಡಿದಳು, ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಜೊತೆಯ ನರ್ಸುಗಳು ದೂರ ಕೂತರಂತೆ. ಆ ವಾರವೇ ಕೂದಲು ಬಾಚಣಿಗೆಗೆ ಗೊಂಚಲು ಗೊಂಚಲಾಗಿ ಬರತೊಡಗಿತು. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು. ಊಟ ಸೇರಲಿಲ್ಲ.

"ತಲೆ ನೋವಲ್ಲ," ಅಂದಳು. "ಭಾರ. ಯಾರೋ ಕೈ ಇಟ್ಟ ಹಾಗೆ."

ಸೆಡ್ರಿಕ್ ಅವಳನ್ನು ಡಾಕ್ಟರರ ಬಳಿ ಕರೆದೊಯ್ದ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮಾವ್ಶಿಯ ಮಾತು ನೆನಪಾದಾಗ ಅದನ್ನು ತಳ್ಳಿಹಾಕಿದ. ಬೂಷ್ಟಿನ ಹುಡಿ ಉಸಿರಿಗೆ ಹೋಗಿ ಅಲರ್ಜಿ ಆಗಿರಬೇಕು ಎಂದುಕೊಂಡ. ಕಿಟಕಿಗಳನ್ನೆಲ್ಲ ತೆರೆದ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ. ವಾಸನೆ ಫಿನಾಯಿಲ್ ಮೀರಿ ಬಂತು. ಶರೊನ್‌ಳ ಗದ್ದ ದಿನದಿಂದ ದಿನಕ್ಕೆ ಎದೆಯ ಕಡೆ ಇಳಿಯುತ್ತಿತ್ತು. ಈಗ ಅವಳು ಅವನನ್ನು ನೋಡಬೇಕಾದರೆ ಹುಬ್ಬಿನಡಿಯಿಂದ ನೋಡಬೇಕು.

ಆದರೂ ಅಮ್ಮನ ದನಿ ಅವನನ್ನು ಬಿಡಲಿಲ್ಲ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟ. ಬಂದದ್ದು ಬರೀ ಬೂದು ಪರದೆ. ತಂತಿ ಬದಲಿಸಿದ. ಮತ್ತೆ ಬೂದು. ಯಂತ್ರ ಸರಿಯುಂಟೋ ನೋಡೋಣವೆಂದು ಟೇಪನ್ನು ಮೊದಲಿನಿಂದ ಓಡಿಸಿದ. ಚಪ್ಪರ, ಮಾಲೆ, ಕುರ್ಚಿ. ಮದುಮಗಳು ಮುಖ ಎತ್ತಿ ನಕ್ಕಳು.

"ಪುರೊ! ಪುರೊ ಗೊ!"

ಮಲಗುವ ಕೋಣೆಯಿಂದ ಶರೊನ್‌ಳ ಕ್ಷೀಣ ದನಿ ಕೇಳಿತು. "ಸೆಡ್ರಿಕ್, ನನ್ನ ಸ್ವರ ಯಾಕೆ ಅಲ್ಲಿಂದ ಕೇಳ್ತಾ ಉಂಟು?"

ಅವನು ಪರದೆಗೆ ಮುಖ ತಂದು ನೋಡಿದ. ಸೀರೆ ಅಮ್ಮನದು. ಬಳೆ ಅಮ್ಮನದು. ಹಾಲಿನಡಿಯಿಂದ ನಗುತ್ತಿದ್ದ ಮುಖ ಶರೊನ್‌ಳದು.

ಬಜಪೆಗೆ ಅವನು ಹೇಗೆ ತಲುಪಿದನೋ. ನೆಲ್ಲಿ ಮಾವ್ಶಿ ಅವನ ಮುಖ ನೋಡಿಯೇ ಜಗಲಿಯಲ್ಲಿ ಕುಸಿದು ಕೂತಳು. ಬೈಯಲಿಲ್ಲ.

"ಒರೆಸಿದ ಬೂಷ್ಟು ಎಂತ ಮಾಡಿದೆ?"

"ಚೀಲದಲ್ಲಿ ಉಂಟು."

"ಹಾಗಾದರೆ ಅದನ್ನೇ ತಿರುಗಿ ಹಾಕು. ಅದಲ್ಲದೆ ಬೇರೆ ಮದ್ದಿಲ್ಲ." ಅವಳು ಅವನ ಮೊಣಕೈ ಹಿಡಿದಳು. "ಕೇಳು ಮಗಾ. ಆ ಕೈಯ ಕೆಳಗೆ ಯಾರಾದರೂ ಒಬ್ಬರು ಇರಲೇಬೇಕು. ಕುರ್ಚಿ ಖಾಲಿ ಆಗುವುದಿಲ್ಲ. ಶರೊನ್ ಎದ್ದರೆ ಅಲ್ಲಿ ಯಾರು ಬಂದು ಕೂರುತ್ತಾರೆ ಅಂತ ನಿನಗೆ ಗೊತ್ತುಂಟಲ್ಲ. ಕಂಡರೂ ನಿಲ್ಲಿಸಬೇಡ."

ಅವನು ಮನೆ ಸೇರಿದಾಗ ನಡುಮಧ್ಯಾಹ್ನ. ಹೆದ್ದಾರಿಯಲ್ಲಿ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು. ಶರೊನ್‌ಳನ್ನು ಎತ್ತಿ ತಂದು ಚಿಕ್ಕ ಕೋಣೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಗದ್ದ ಎದೆಗೆ ಅಂಟಿತ್ತು. ಉಸಿರು ಸಿಳ್ಳಿನಂತೆ ಬರುತ್ತಿತ್ತು. ನೆತ್ತಿಯ ನಡುವೆ ಕೂದಲು ಪೂರ್ತಿ ಉದುರಿ ಐದು ಬೆರಳುಗಳ ಗುರುತು ಬಿಳುಪಾಗಿ ಮೂಡಿತ್ತು.

ಯಂತ್ರ ಬಿಚ್ಚಿದ. ಕೊಳವೆ ಕಿತ್ತ. ಚೀಲ ಹರಿದು ಬಿಳಿ ಹುಡಿಯನ್ನು ಒರೆಸುವ ಬಟ್ಟೆಯ ಮೇಲೆ ಸುರಿದ. ನೀರು ಚಿಮುಕಿಸಿದ. ಮೂಗಿಗೆ ಮಣ್ಣಿನ, ಹಳೆ ಗೋಣಿಯ ವಾಸನೆ ಅಡರಿತು. ಗುಂಡಿ ಒತ್ತಿದ.

ಚಪ್ಪರದ ಮೇಲೆ ಮೊದಲ ಚುಕ್ಕೆ ಬಿತ್ತು. ಮಾಲೆಗಳು ಮಸುಕಾದವು. ಹಾಲು ಹಾಕುತ್ತಿದ್ದ ಹೆಂಗಸರ ಮುಖಗಳನ್ನು ಬೂಷ್ಟು ಒಂದೊಂದಾಗಿ ತಿಂದಿತು.

"ಸ್ವಲ್ಪ ಹಗುರ ಆಯ್ತು," ಎಂದಳು ಶರೊನ್.

ಮದುಮಗಳ ಮುಖ ಅಲುಗಿತು. ಶರೊನ್. ಅಮ್ಮ. ಮತ್ತೆ ಶರೊನ್. ಪರದೆಯ ಚಿತ್ರ ಒಮ್ಮೆ ಅದುರಿತು. ಆಮೇಲೆ ಅಮ್ಮ ಒಬ್ಬಳೇ ಉಳಿದಳು.

ಈ ಸಲ ಅವಳು ನಗುತ್ತಿರಲಿಲ್ಲ.

ತನ್ನನ್ನು ಎಲ್ಲಿಗೆ ಮರಳಿ ತಂದಿದ್ದಾರೆಂದು ತಿಳಿದವಳಂತೆ ಅವಳು ಸುತ್ತ ನೋಡಿದಳು. ಹಸಿರು ಸೀರೆ ಬದಿಯಿಂದ ಬಂತು. ಅಂಗೈ ಎದ್ದಿತು. ಅಮ್ಮ ಕುರ್ಚಿಯ ಕೈಗಳನ್ನು ಬಿಗಿ ಹಿಡಿದಳು. ಏಳಲು ನೋಡಿದಳು. ಕೈ ಇಳಿಯಿತು.

ಸೆಡ್ರಿಕ್‌ನ ಬೆರಳು ತಾನಾಗಿಯೇ ಗುಂಡಿಗೆ ಹೋಯಿತು. ಯಂತ್ರ ನಿಂತಿತು. ಚಿತ್ರ ನಿಂತಿತು.

ಹಿಂದೆ ಶರೊನ್ ನರಳಿದಳು. ಕುತ್ತಿಗೆಯೊಳಗೆ ಏನೋ ಲಟಕ್ಕೆಂದಿತು. ಅವಳ ಹಣೆ ಮೊಣಕಾಲಿನ ಕಡೆಗೆ ಬಾಗುತ್ತಿತ್ತು. ಉಸಿರಿನ ಸಿಳ್ಳು ನಿಂತೇಹೋಯಿತು.

ಅವನು ಮತ್ತೆ ಒತ್ತಿದ.

ಬೂಷ್ಟು ಸಾಲಲಿಲ್ಲ. ಚೀಲದ ಮೂಲೆ ಕೆರೆದ. ಬೆರಳಲ್ಲೇ ಬಳಿದ. ಓಡುವ ಟೇಪು ಬೆರಳನ್ನು ಸೀಳಿತು. ಬಿಡಲಿಲ್ಲ. ಅಮ್ಮ ಆ ಭಾರದಡಿಯಿಂದ ಮುಖ ಎತ್ತಿದಳು. ನೇರ ಅವನನ್ನು ನೋಡಿದಳು. ತುಟಿ ತೆರೆದಳು. ಏನೋ ಹೇಳಿದಳು. ಮತ್ತೆ ಹೇಳಿದಳು. ಟೇಪಿನ ಅಂಚಿನಲ್ಲಿದ್ದ ಸದ್ದನ್ನು ಬೂಷ್ಟು ಆಗಲೇ ತಿಂದಿತ್ತು. ಹಾಕು ಅಂದಳೋ. ಬೇಡ ಅಂದಳೋ. ಅವನು ಅಳುತ್ತ ಬಳಿದ. ಅವಳ ಬಾಯಿ ಹೋಯಿತು. ಕಣ್ಣು ಹೋಯಿತು. ಕುರ್ಚಿಯನ್ನು ಹಿಡಿದ ಒಂದು ಕೈ ಉಳಿಯಿತು. ಅದೂ ಹೋಯಿತು.

ಪರದೆ ಬೂದಾಯಿತು. ಶರೊನ್ ಉಸಿರೆಳೆದು ತಲೆ ಎತ್ತಿದಳು.

ಸೆಡ್ರಿಕ್ ಅಂದೇ ಆ ಟೇಪನ್ನು ಮಾವ್ಶಿಯ ಕೈಗೆ ಕೊಟ್ಟು ಬಂದ. ಯಂತ್ರವನ್ನು ಬಿಚ್ಚಿ ಝುಬೈರ್‌ನ ಅಂಗಡಿಗೆ ಸುರಿದ. ಮಳೆಗಾಲ ಶುರುವಾಗುವ ಹೊತ್ತಿಗೆ ಶರೊನ್ ಚೇತರಿಸಿಕೊಂಡು ಡ್ಯೂಟಿಗೆ ಹೋಗತೊಡಗಿದಳು. ಕೂದಲು ಬಂತು, ನೆತ್ತಿಯ ನಡುವೆ ಅಂಗೈಯಗಲ ಜಾಗದಲ್ಲಿ ಮಾತ್ರ ಬರಲಿಲ್ಲ. ಅಲ್ಲಿಗೆ ಅವಳು ಉಳಿದ ಕೂದಲನ್ನು ಎಳೆದು ಕ್ಲಿಪ್ಪು ಹಾಕುತ್ತಾಳೆ. ಟೇಪು ನೋಡಿದ ಆ ಭಾನುವಾರದಿಂದ ತಲೆ ಎತ್ತಿದ ಗಳಿಗೆಯ ತನಕದ್ದು ಅವಳಿಗೆ ಯಾವುದೂ ನೆನಪಿಲ್ಲ. ಆ ಬೆಳಿಗ್ಗೆಯೂ ಇಲ್ಲ.

ಒಂದು ಸಂಜೆ ಚಾ ಕುಡಿಯುತ್ತಿದ್ದಾಗ ಅವಳೇ ಕೇಳಿದಳು.

"ಅಷ್ಟು ಕಷ್ಟಪಟ್ಟು ಯಂತ್ರ ಮಾಡಿದಿಯಲ್ಲ. ಅಮ್ಮ ಕಂಡರಾ ಕೊನೆಗೆ?"

"ಇಲ್ಲ," ಅಂದ ಸೆಡ್ರಿಕ್. "ಟೇಪಲ್ಲಿ ಯಾರೂ ಇರಲಿಲ್ಲ."