ಗಿಲ್ಡರ್

ಲಾಂಡ್ರಿಯ ಧಣಿಗಳ ಮೇಜಿನ ಮೇಲೆ ಬೆಳಗ್ಗೆ ಸಹಿಯಿಲ್ಲದ ಕಾಗದವೊಂದು ಬಿದ್ದಿತ್ತು. ಬಿಡಿಬಿಡಿ ದಪ್ಪ ಅಕ್ಷರದ ಇಂಗ್ಲಿಷ್: 'ಡೋಂಟ್ ಬಿಲೀವ್ ಫೋಲ್ಡರ್ ಅಂಡ್ ಗಿಲ್ಡರ್. ಟೀಚರ್ ರೋಟ್ ಆಲ್.' ಫೋಲ್ಡರನ್ನು ನಂಬಬೇಡಿ, ಎಲ್ಲ ಟೀಚರೇ ಬರೆದದ್ದು ಎಂಬುದು ತಾತ್ಪರ್ಯ.

ಫೋಲ್ಡರು ಇಸ್ತ್ರಿ ಅಕ್ಕನದು. ಹೋಟೆಲು, ಆಸ್ಪತ್ರೆಗಳ ಫೋನಿಗೆ ಉತ್ತರಿಸಲು ಕೌಂಟರಿಗೆ ಇಂಗ್ಲಿಷ್ ಬರುವವರು ಬೇಕಾಗಿದ್ದರು. ಪರೀಕ್ಷೆಯಲ್ಲಿ ಅಕ್ಕನಿಗೆ ಬಂದದ್ದು ಐವತ್ತಕ್ಕೆ ನಾಲ್ಕು. ಉಳಿದವರು ಅಷ್ಟೂ ಬರದೆ ಟೀಚರಮ್ಮ ಲಾಂಡ್ರಿಯಲ್ಲಿ ನಡೆಸುತ್ತಿದ್ದ ಸಂಜೆಯ ಇಂಗ್ಲಿಷ್ ಕ್ಲಾಸನ್ನೇ ಬಿಟ್ಟಿದ್ದರು. ಗಡಿಯಾರ ಕಂಡರೆ ಇವಳ ಕೈ ಮರಗಟ್ಟುತ್ತದೆ ಎಂದು ಟೀಚರಮ್ಮ ಬೇರೆ ದಾರಿ ಹಿಡಿದರು. ಮೂರು ತಿಂಗಳು ಅಕ್ಕ ಬರೆದ ಚೀಟಿ, ಗಿರಾಕಿಯ ದೂರಿಗೆ ಕೊಟ್ಟ ಉತ್ತರ, ಎಲ್ಲಕ್ಕೂ ತಾರೀಖು ಹಾಕಿ, ತಪ್ಪನ್ನೂ ಅಳಿಸದೆ ಫೋಲ್ಡರಿನಲ್ಲಿಟ್ಟು, ಇದನ್ನು ನೋಡಿ ಅಳೆಯಿರಿ ಎಂದಿದ್ದರು. ಧಣಿ ಒಪ್ಪಿದ್ದರು. ಈಗ ಕಾಗದ ನಂಬಿ ಅವರೇ ಹೇಳಿಬಿಟ್ಟರು: ಅಕ್ಕನಿಗೆ ಕೌಂಟರೂ ಇಲ್ಲ, ಟೀಚರಮ್ಮನಿಗೆ ಕ್ಲಾಸೂ ಇಲ್ಲ.

ಎಲ್ಲರ ಕಣ್ಣು ಹೊರಳಿದ್ದು ಕೌಂಟರಿನ ರಸೀದಿ ಮಾಮನ ಕಡೆಗೆ. ಟೀಚರಮ್ಮನನ್ನು ಬಿಟ್ಟರೆ ಸರಿಯಾಗಿ ಇಂಗ್ಲಿಷ್ ಓದಿದವನು ಅವನೊಬ್ಬನೇ. ಕಿವಿ ಮಾತ್ರ ಮಂದ, ಫೋನು ಅವನಿಂದಾಗದು. ಆರೋಪವನ್ನು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಹೇಳುವವರಿಗೇ ನಾಚಿಕೆಯಾಯಿತು.

ಮಾಮ ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋದ. ಅಲ್ಲಿ ರಫೂ ಚಿಕ್ಕಮ್ಮ ಕೋಟಿನ ತೂತಿಗೆ ದಾರ ಹೆಣೆಯುತ್ತಿದ್ದಳು. ಅಂಗಿ ಕಳೆದರೂ ಕೋಟು ಅದಲುಬದಲಾದರೂ ಪತ್ತೆ ಹಚ್ಚುವವಳು ಅವಳೇ.

"ನನ್ನ ಮಾನ ಹರಿದುಹೋಯ್ತು ಕಣಮ್ಮ."

"ಅದಕ್ಕೂ ದಾರ ಇದೆ, ಕೂತ್ಕೋ. ಕಾಗದ, ಫೋಲ್ಡರು ಎರಡೂ ಓದು. ಗಟ್ಟಿಯಾಗಿ ಓದು, ನಿನಗಲ್ಲದಿದ್ರೂ ನನಗೆ ಕೇಳಿಸ್ಲಿ."

ಮಾಮ ಎರಡನ್ನೂ ತಂದು ಓದಿದ. ಫೋಲ್ಡರಿನ ಹೋದ ವಾರದ ಪುಟದಲ್ಲಿ 'ಪ್ಲೀಸ್ ಚೆಕ್ ಬಟನ್ ಅಂಡ್ ಗಿಟನ್' ಎಂದಿತ್ತು. ಅವನಿಗೆ ನಗು ಬಂತು. ಚಿಕ್ಕಮ್ಮ ನಗಲಿಲ್ಲ, ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು, "ಎಲ್ಲರನ್ನೂ ಇಸ್ತ್ರಿ ಮೇಜಿನ ಹತ್ರ ಸೇರ್ಸು" ಎಂದಳು.

ಎಲ್ಲರೂ ಸೇರಿದರು. ಧಣಿಯೇ ಮೊದಲು ಬಾಯಿಬಿಟ್ಟರು. "ಇದು ತುಂಬ ಓದಿದವರ ಕೆಲಸ. ಡಿಕ್ಷನರಿ ತೆಗೆದು ನೋಡಿದೆ. ಗಿಲ್ಡರ್ ಅಂದ್ರೆ ಚಿನ್ನದ ಲೇಪ ಕೊಡೋನು. ಟೀಚರು ಹಿತ್ತಾಳೆಗೆ ಚಿನ್ನ ಬಳಿದಿದಾರೆ ಅಂತ ಎಷ್ಟು ನಾಜೂಕಾಗಿ ಬರೆದಿದಾರೆ."

"ಧಣಿ, ನಿನ್ನೆ ನನ್ನನ್ನ ಏನು ಕೇಳಿದ್ರಿ?" ಎಂದಳು ಚಿಕ್ಕಮ್ಮ.

"ಸೂಜಿ ಗೀಜಿ ಇದೆಯಾ ಅಂದೆ."

"ಗೀಜಿ ಅಂದ್ರೇನು?"

ಧಣಿ ಕೈಯಲ್ಲಿದ್ದ ಡಿಕ್ಷನರಿಯನ್ನು ತಿರುವಿಹಾಕತೊಡಗಿದರು.

"ಸೂಜಿಗೆ ಗೀಜಿ, ಬಟನಿಗೆ ಗಿಟನ್, ಫೋಲ್ಡರಿಗೆ ಗಿಲ್ಡರ್. ಅದು ಡಿಕ್ಷನರೀಲಿ ಸಿಕ್ಕಿದ್ದು ನಿಮ್ಮ ಗ್ರಹಚಾರ. ಇಂಗ್ಲಿಷ್ ಬಲ್ಲ ಮಾಮ ಹೀಗೆ ಬರೆಯಲ್ಲ, ಟೀಚರಮ್ಮನೂ ಬರೆಯಲ್ಲ. ಬಾರದೋರಿಗೆ ಬರೆಯೋಕೇ ಆಗಲ್ಲ. ಬಟನ್ ಇಂಗ್ಲಿಷಾದ್ರೆ ಗಿಟನ್ನೂ ಇಂಗ್ಲಿಷೇ ಅಂದ್ಕೊಳ್ಳೋದು ಕಲೀತಾ ಇರೋರು ಮಾತ್ರ. ಈಗ ಕಲೀತಾ ಇರೋಳು ಒಬ್ಬಳೇ."

"ವಾರಕ್ಕೆ ಒಂದೇ ತಪ್ಪು ತಿದ್ದೋದು ನನ್ನ ಪದ್ಧತಿ," ಎಂದರು ಟೀಚರಮ್ಮ ಮೆಲ್ಲಗೆ. "ಗಿಟನ್ನಿನ ಸರದಿ ಬಂದಿರಲಿಲ್ಲ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ನಾನೇ ಬರೆದೆ. ನಾಲ್ಕು ಮಾರ್ಕಿನೋಳು ಇಂಗ್ಲಿಷಲ್ಲಿ ಬರೆದ್ರೆ ಯಾರಿಗೂ ಅನುಮಾನ ಬರಲ್ಲ ಅಂದ್ಕೊಂಡೆ. ನಾನು ಕೌಂಟರಿಗೆ ಬಂದ ದಿನವೇ ಮಾಮನ್ನ ಮನೆಗೆ ಕಳಿಸ್ತೀನಿ ಅಂತ ಧಣಿ ಯಾರಿಗೋ ಹೇಳ್ತಿದ್ರು. ನನಗೆ ಎಬಿಸಿಡಿ ತಿದ್ದಿಸಿದ್ದೇ ಮಾಮ. ಟೀಚರಮ್ಮ, ನಿಮ್ಮ ಕ್ಲಾಸೂ ಹೋಗುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು."

ಇದಿಷ್ಟೂ ಮಾಮನಿಗೆ ಒಂದೇ ಸಲಕ್ಕೆ ಕೇಳಿಸಿತು. ಅವನು ಧಣಿಯ ಮುಖ ನೋಡಿದ. ಧಣಿ ಡಿಕ್ಷನರಿಯ ಬೆನ್ನು ನೋಡಿದರು.

"ಹಾಗಾದ್ರೆ ಫೋಲ್ಡರು ಇವಳದೇನಾ?" ಎಂದರು.

"ಕಾಗದದ ತಪ್ಪೇ ಫೋಲ್ಡರಲ್ಲೂ ಇದೆ. ಬರೆದ ಕೈ ಒಂದೇ," ಎಂದಳು ಚಿಕ್ಕಮ್ಮ.

ಟೀಚರಮ್ಮ ಸೇರಿಸಿದರು: "ಒಂದು ಕಾಗದ ಬರೆದಳು. ನೀವು ನಂಬಿದ್ರಿ, ಅವಳು ಬಯಸಿದ್ದನ್ನೇ ಮಾಡಿದ್ರಿ. ಇನ್ನೇನು ಪರೀಕ್ಷೆ ಬೇಕು ಸರ್?"

"ಸರಿ, ಪಾಸು," ಎಂದು ಧಣಿ ಗೊಣಗಿದರು. "ಆದ್ರೆ ಕೌಂಟರಲ್ಲಿ ಜಾಗ ಒಬ್ಬರಿಗೇ ಇರೋದು."

"ಫೋನು ಅವಳಿಗೆ, ರಸೀದಿ ನನಗೆ," ಎಂದ ಮಾಮ. "ಆಗಲ್ಲ ಅಂದ್ರೆ ಹೇಳಿ, ಇಬ್ಬರದೂ ರಾಜೀನಾಮೆ ನಾನೇ ಬರೀತೀನಿ. ವ್ಯಾಕರಣ ಸರಿಯಾಗಿರುತ್ತೆ."

ಧಣಿ ತಮ್ಮ ಕೋಣೆಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದೇ ಎಲ್ಲರೂ ಎಣಿಸಿದ್ದರು. ಅವರು ತಮ್ಮ ಮೇಜಿನೆದುರಿನ ಕುರ್ಚಿಯನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಬಂದು, ಕೌಂಟರಿನ ಹಿಂದೆ, ಮಾಮನ ಸ್ಟೂಲಿನ ಪಕ್ಕ ಇಟ್ಟರು.