ಕೈಹಿಡಿದವರ ನಾಣ್ಯ

ವೆನಿಟಾ ಮರೆತು ನಾಣ್ಯವನ್ನು ಸೀದಾ ಕ್ಲಿಫರ್ಡನ ಅಂಗೈಗೆ ಕೊಟ್ಟುಬಿಟ್ಟಳು.

ದೋಹಾದ ಆ ಖಾಸಗಿ ಮ್ಯೂಸಿಯಮ್ಮಿನಲ್ಲಿ ಹಾಗೆ ಕೊಡುವಂತಿಲ್ಲ. ಒಬ್ಬರು ಮೆತ್ತನೆಯ ಟ್ರೇಯಲ್ಲಿಟ್ಟು ಕೈ ತೆಗೆದ ಮೇಲೆಯೇ ಇನ್ನೊಬ್ಬರು ಎತ್ತಿಕೊಳ್ಳಬೇಕು. ಅವಳು ಫೋಟೋ ತೆಗೆಯುವವಳು, ಅವನು ನಾಣ್ಯಗಳನ್ನು ಪ್ರದರ್ಶನಕ್ಕಿಡುವ ಸ್ಟ್ಯಾಂಡ್ ಮಾಡುವವನು, ಇಬ್ಬರೂ ಮಂಗಳೂರಿನವರು. ದಿನವಿಡೀ ಎದುರುಬದುರು ಕೂತರೂ ಬೆರಳು ತಾಗಿದ್ದು ಅಂದೇ ಮೊದಲು.

ರೋಮನ್ನರ ಬಂಗಾರದ ನಾಣ್ಯ ಅದು. ಒಂದು ಬದಿಯಲ್ಲಿ ರಾಣಿಯ ಮುಖ, ಜಡೆ ಸುತ್ತಿ ಎತ್ತಿ ಕಟ್ಟಿದ ತುರುಬು. ಇನ್ನೊಂದು ಬದಿಯಲ್ಲಿ ಕೈಹಿಡಿದು ನಿಂತ ಗಂಡ-ಹೆಂಡತಿ.

"ಇಷ್ಟು ಕಾಲ ಆದ್ರೂ ಕೈ ಬಿಡ್ಲಿಲ್ಲ ನೋಡಿ," ಎಂದ ಕ್ಲಿಫರ್ಡ್, ನಾಣ್ಯದಿಂದ ಕಣ್ಣು ಮಾತ್ರ ಎತ್ತಿ.

"ಅಚ್ಚು ಒತ್ತಿದ ಮೇಲೆ ಹೇಗೆ ಬಿಡ್ಲಿಕ್ಕಾಗ್ತದೆ?"

ಅವನು ನಕ್ಕ. ಅವಳು ನಗಲಿಲ್ಲ. ಗಂಡ ಟೋನಿ ತೀರಿಹೋದಂದಿನಿಂದ ಅವಳೊಳಗೆ ಯಾವುದೂ ಅಲುಗುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ, ಹಸಿವೂ ಅಷ್ಟಕ್ಕಷ್ಟೆ. ಬಿನ್ ಒಮ್ರಾನ್ ಬಡಾವಣೆಯ ರೂಮು, ಕಂಪನಿ ಬಸ್ಸು, ಕ್ಯಾಮೆರಾ, ಮತ್ತೆ ರೂಮು.

ಮದುವೆಯಾಗೋಣವೇ ಎಂದು ಕ್ಲಿಫರ್ಡ್ ಕಳೆದ ವಾರವೇ ಕೇಳಿದ್ದ. ಊರಿನಲ್ಲಿ ಅವನ ಅಕ್ಕ ತೆರೆಜಾ ಅವನಿಗೊಂದು ಸಂಬಂಧ ನೋಡಿಟ್ಟು, ಗುರುವಾರದೊಳಗೆ ಹೌದೋ ಅಲ್ಲವೋ ಹೇಳೆಂದು ಪಟ್ಟು ಹಿಡಿದಿದ್ದಳು. ವೆನಿಟಾ ಉತ್ತರ ಕೊಟ್ಟಿರಲಿಲ್ಲ. ಇವತ್ತು ಗುರುವಾರ.

ಬೆರಳು ತಾಗಿದರೆ ಏನಾದರೂ ಆದೀತೆಂದು ಅವಳು ಒಳಗೊಳಗೇ ಕಾದಿದ್ದಳೇನೋ. ಏನೂ ಆಗಲಿಲ್ಲ. ಊಟದ ಹೊತ್ತಿಗೆ ಅದನ್ನೇ ಹೇಳಿದಳು.

"ಸುಳ್ಳು ಹೇಳುವುದಿಲ್ಲ ಕ್ಲಿಫರ್ಡ್. ನಿಮ್ಮ ಕೈ ತಾಗಿತು, ನನಗೆ ಎಂತದೂ ಆಗ್ಲಿಲ್ಲ. ಕಲ್ಲಿನ ಹಾಗೆ ಇದ್ದೇನೆ. ಇಂಥವಳನ್ನು ಕಟ್ಟಿಕೊಂಡು ಎಂತ ಮಾಡ್ತೀರಿ? ಅಕ್ಕನಿಗೆ ಹೌದು ಹೇಳಿ."

ಅವನು ಕುಬ್ಬೂಸ್ ರೊಟ್ಟಿ ಮುರಿದ.

"ನನಗೂ ಎಂತ ಆಗ್ಲಿಲ್ಲ ಮಾರಾಯ್ರೆ. ಹೆದರಿಕೆ ಮಾತ್ರ ಆಯ್ತು, ನಾಣ್ಯ ಬಿದ್ರೆ ಇಬ್ರ ಕೆಲಸವೂ ಖಲಾಸ್ ಅಂತ."

ವೆನಿಟಾಳ ತುಟಿಯ ಒಂದು ಮೂಲೆ ಮೇಲೇರಿತು. ಅದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ಏನಾದ್ರೂ ಆಗ್ಬೇಕು ಅಂತ ಅವಸರ ಇಲ್ಲ," ಎಂದ. "ಕಲ್ಲಿನ ಹಾಗೇ ಇರಿ. ನಾನು ಹತ್ರ ಕೂತಿರ್ತೇನೆ."

ಅವಳು ತಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ, ಆ ಸಂಬಂಧ ಬೇಡವೆಂದು ಅಕ್ಕನಿಗೆ ತಿಳಿಸಿಬಿಡಿ ಎಂದಳು.

"ನಾಳೆ ಶುಕ್ರವಾರ, ರಜೆ. ಚರ್ಚಿನ ಪೂಜೆಗೆ ನನ್ನ ಬೆಂಚಿಗೇ ಬನ್ನಿ."

"ನಮ್ಮ ಊರಿನ ಬ್ರಿಜಿಟ್‌ಬಾಯಿ ನಿಮ್ಮ ಹಿಂದಿನ ಬೆಂಚಿನಲ್ಲೇ ಕೂತಿರ್ತಾರೆ. ಸಂಜೆಯೊಳಗೆ ಮಂಗಳೂರಿಗೇ ಗೊತ್ತಾಗ್ತದೆ."

"ಗೊತ್ತಾಗ್ಲಿ."

ಮರುದಿನ ಇಗರ್ಜಿಯಲ್ಲಿ ಅವನು ಬಂದು ನಿಂತಾಗಲೂ ಅವಳೊಳಗೆ ಏನೂ ಅಲುಗಲಿಲ್ಲ. ಪಕ್ಕದಲ್ಲಿಟ್ಟಿದ್ದ ಬ್ಯಾಗನ್ನು ಎತ್ತಿ ಕಾಲ ಬುಡದಲ್ಲಿಟ್ಟು, ಅವನಿಗೆ ಜಾಗ ಮಾಡಿಕೊಟ್ಟಳು.